ದನಿ ತೆಗೆದ ಗಾಡಿ

"ಬಲಗಾಲಿ ಚೂರು ವಾಲ್ತೈತೆ," ಎಂದರು ಕಾಟಲಿಂಗಪ್ಪ, ಕಣ್ಣು ಮುಚ್ಚಿಕೊಂಡೇ. "ಎತ್ತು ಹೊಸವು, ಇನ್ನೂ ಹೆಜ್ಜೆ ಕೂಡಿಲ್ಲ. ಮುರುಗಪ್ಪಂದು."

ಬಾವಿಕಟ್ಟೆಯ ಮೇಲೆ ಕೂತಿದ್ದ ಯಾರೂ ತಿರುಗಿ ನೋಡಲಿಲ್ಲ. ಹಾದಿಗೆ ಬೆನ್ನು ಮಾಡಿಯೇ ಕೂರಬೇಕು, ಕಿವಿಯಿಂದಲೇ ಹೇಳಬೇಕು. ಅದು ಅಲ್ಲಿನ ಕಟ್ಟಳೆ. ಗಾಡಿ ಹತ್ತಿರ ಬಂದು ನಿಂತು, ಕೊರಳ ಗಂಟೆಗಳು ಸುಮ್ಮನಾಗಿ, "ಏನ್ರಪ್ಪಾ, ನಾನು ಯಾರು ಅಂತ ಗೊತ್ತಾತಾ?" ಎಂದು ಮುರುಗಪ್ಪನ ದನಿಯೇ ಕೇಳಿದ ಮೇಲೆ ಎಲ್ಲರೂ ನಕ್ಕರು.

"ನೀನು ಅಂತ ಆಗ್ಲೇ ಗೊತ್ತಾತು. ನಿನ್ನ ಬಲಗಾಲಿ ಮೊದ್ಲೇ ಬಂದು ಚಾಡಿ ಹೇಳ್ತು," ಎಂದ ಜುಂಜಯ್ಯ. ಅವನಿಗೆ ಸ್ವಂತ ಗಾಡಿ ಇರಲಿಲ್ಲ. ಅದಕ್ಕೇ ಎಲ್ಲರ ಗಾಡಿಯ ಮೇಲೂ ಮಾತಾಡುವ ಧೈರ್ಯವಿತ್ತು.

ಮದಕರಿಪುರದ ಹಾದಿಯಲ್ಲಿ, ದುರ್ಗದ ಬೆಟ್ಟ ಎದುರಿಗೇ ಕಾಣುವಲ್ಲಿ ಆ ಬಾವಿ. ಸಂತೆಗೆ ಹೋಗುವ ಗಾಡಿಗಳೆಲ್ಲ ಅಲ್ಲಿ ನಿಂತು ಎತ್ತಿಗೆ ನೀರು ಕುಡಿಸಿಯೇ ಮುಂದೆ ಹೋಗುತ್ತಿದ್ದವು. ಸುತ್ತಿನ ಹಳ್ಳಿಗಳಲ್ಲಿ ಗಾಡಿಯ ಹುಚ್ಚಿದ್ದವರೆಲ್ಲ ಆ ಕಟ್ಟೆಯವರೇ. ಮದುವೆಗೆ, ದಿಬ್ಬಣಕ್ಕೆ ಹೂಡುವ ಸವಾರಿ ಗಾಡಿ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಿತ್ತಾಳೆ ಹೊದಿಸಿ, ಕಮಾನಿಗೆ ಬಣ್ಣದ ಬಟ್ಟೆ ಕಟ್ಟಿ ಯಾರು ಬೇಕಾದರೂ ಒಂದು ದಿನ ಮೆರೆಯಬಹುದು. ಗೊಬ್ಬರ ಹೇರುವ ಗಾಡಿ, ರಾಗಿ ಹೇರುವ ಗಾಡಿ, ಹೆಂಡತಿಯನ್ನು ತವರಿಗೆ ಬಿಟ್ಟು ಬರುವ ಗಾಡಿ ಹೇಗಿದೆ? ದಿನದ ಗಾಡಿಗೆ ಎಂಥ ಅಚ್ಚು ಹಾಕಿದ್ದಾನೆ, ಎಂಥ ಜೋಡಿ ಕಟ್ಟಿದ್ದಾನೆ? ಮನುಷ್ಯನನ್ನು ಅವರು ತೂಗುತ್ತಿದ್ದುದು ಅದರಲ್ಲಿ.

ಅದರಲ್ಲೂ ದನಿ ದೊಡ್ಡದು. ಗಾಲಿಯ ನಡುವಿನ ಗುಂಬಕ್ಕೆ ಎರಡೂ ತುದಿಯಲ್ಲಿ ಕಬ್ಬಿಣದ ಬಳೆ ಕೂರಿಸುತ್ತಿದ್ದರು. ಗಾಲಿ ಉರುಳುವಾಗ ಅತ್ತಿತ್ತ ಸರಿದು ಆ ಬಳೆ ಅಚ್ಚಿಗೆ ಬಡಿದರೆ ಗಾಡಿ ಮಾತಾಡುತ್ತದೆ. ಒಂದೊಂದು ಮನೆಯ ಗಾಡಿಗೆ ಒಂದೊಂದು ದನಿ. ಒಳ್ಳೆಯ ಗಾಡಿ ಊರ ಹೊರಗಿನ ಹಳ್ಳ ದಾಟುವಾಗಲೇ ಮನೆಯ ಹೆಂಗಸರು ಒಲೆಯ ಮೇಲೆ ಹಿಟ್ಟಿಗೆ ಎಸರು ಇಡುತ್ತಿದ್ದರು.

ಮುರುಗಪ್ಪ ಎತ್ತುಗಳಿಗೆ ನೀರು ತೋರಿಸಿ ಬಂದು ಕಟ್ಟೆಯ ಮೇಲೆ ಕೂತ. ಅವನಿಗೆ ಮಾತಾಡಬೇಕಾದ ವಿಷಯವೊಂದಿತ್ತು.

"ಶ್ರಾವಣ ಮುಗಿಯಾಕ ಬಂತು. ಅಯ್ಯನೋರನ್ನ ದುರ್ಗದಿಂದ ನಮ್ಮ ಹಿರೇಗುಂಟನೂರಿಗೆ ಕರ್ಕಂಡು ಬರೋದು ಈ ಸಲ ಯಾರ ಗಾಡೀಲಿ?"

ಮಠದ ಅಯ್ಯನವರು ವರ್ಷಕ್ಕೊಮ್ಮೆ ಪೂಜೆಗೆ ಊರಿಗೆ ಬರುವುದು ಏಕಾಂತಪ್ಪನ ಮನೆಯ ದಿನದ ಗಾಡಿಯಲ್ಲಿ. ಅವನ ತಂದೆ ಬಸಪ್ಪನ ಕಾಲದಿಂದಲೂ ಹಾಗೇ. ಬಸಪ್ಪ ಮಾರಿಕಣಿವೆಯ ಅಣೆಕಟ್ಟೆ ಕಟ್ಟುವಾಗ ಕಲ್ಲು ಹೇರಿದವನು. ಕೆಲಸ ಮುಗಿದ ಮೇಲೆ ಅಲ್ಲಿನ ಕಮ್ಮಾರನಿಂದ ಗಾಡಿಗೆ ಬಳೆ ಬಡಿಸಿ ತಂದಿದ್ದ. ಆ ಬಳೆಯ ದನಿಯನ್ನು ಕಾಟಲಿಂಗಪ್ಪ ಗುಡಿಯ ಗಂಟೆಗೆ ಹೋಲಿಸುತ್ತಿದ್ದರು. ಈಗ ಬಸಪ್ಪ ಇಲ್ಲ. ಅವನ ಗಾಡಿಯಲ್ಲಿ ಆ ಬಳೆಯೂ ಇಲ್ಲ. ಮಗ ಹೋದ ತಿಂಗಳು ಅದನ್ನು ಕಳಚಿ, ಜೀನು ಹೊಲಿಯುವ ಸುಭಾನ್ ಸಾಬರ ಹತ್ತಿರ ದಪ್ಪ ತೊಗಲಿನ ಬಿಲ್ಲೆ ಮಾಡಿಸಿ ಹಾಕಿಸಿದ್ದ. ಎತ್ತಿನ ಕೊರಳ ಗಂಟೆಯನ್ನೂ ಬಿಚ್ಚಿಟ್ಟಿದ್ದ.

"ಏಕಾಂತಪ್ಪನ ಗಾಡಿಲಿ ಅಯ್ಯನೋರು ಬಂದ್ರೆ, ಬಂದ್ರೋ ಇಲ್ವೋ ಅಂತ ಊರೋರು ಹಾದಿ ತುಳಿದು ನೋಡ್ಬೇಕು," ಎಂದ ಜುಂಜಯ್ಯ. "ಕಳ್ಳ ರಾಗಿ ಹೊತ್ಕಂಡ್ ಬಂದಂಗೆ ಬರ್ತೈತೆ ಅದು."

"ಅಷ್ಟು ಕೀಲೆಣ್ಣೆ ಮೆತ್ಯಾನೆ, ಅದ್ರಾಗೆ ಹಪ್ಪಳ ಕರೀಬೋದು," ಎಂದ ಮುರುಗಪ್ಪ. ಆಮೇಲೆ ದನಿ ತಗ್ಗಿಸಿ, "ಹಗುರ ಮಾತಲ್ಲ ಇದು. ಅವನಿಗೆ ಗಾಡಿ ಮೇಲೆ ಇದ್ದ ಮನಸ್ಸು ಹೋಗೈತೆ. ಮನಸ್ಸು ಹೋದೋನು ಅಯ್ಯನೋರನ್ನ ಕೂರಿಸ್ಕೋಬಾರ್ದು."

ಎಲ್ಲರೂ ಕಾಟಲಿಂಗಪ್ಪನವರ ಮಾತಿಗೆ ಕಾದರು. ಆ ಕಟ್ಟೆಯ ಮೇಲೆ ಕೊನೆಯ ಮಾತು ಅವರದೇ. ಅವರು ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡರು.

"ಬಸಪ್ಪ ಸತ್ತ ಮೇಲೂ ನನಗೆ ಅವನು ಸತ್ತಾನೆ ಅನ್ನಿಸಿರ್ಲಿಲ್ಲ ಕಣ್ರಪ್ಪ. ಹೊತ್ತು ಮುಳುಗೋ ಹೊತ್ನಾಗೆ ಮನೆ ಮುಂದೆ ಕುಂತಿರ್ತಿದ್ದೆ. ಗಾಡಿ ಬರ್ತಿತ್ತು. ಮಗ ಹೊಡೀತಿದ್ರೂ ಸೈ, ಬಸಪ್ಪ ಬಂದ ಅಂತ್ಲೇ ಅನ್ಕಂತಿದ್ದೆ." ಅವರು ವಲ್ಲಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ಈಗ ಮನೆ ಮುಂದೆ ಕೂರೋದು ಬಿಟ್ಟೀನಿ. ಈ ಸಲ ಮುರುಗಪ್ಪನ ಗಾಡೀಲೇ ಬರ್ಲಿ ಅಯ್ಯನೋರು."

ಆಗ ಅವರ ಬೆನ್ನ ಹಿಂದೆಯೇ ಎತ್ತೊಂದು ಸೀನಿತು.

ಎಲ್ಲರೂ ಒಟ್ಟಿಗೇ ತಿರುಗಿದರು. ಬಾವಿಗೆ ಮಾರು ದೂರದಲ್ಲಿ, ಹಿಂದಿನ ದಿನದ ಮಳೆಗೆ ಮೆತ್ತಗಾಗಿದ್ದ ನೆಲದ ಮೇಲೆ ಗಾಡಿ ನಿಂತಿತ್ತು. ನೊಗದಲ್ಲಿ ಬಸಪ್ಪನೇ ಸಾಕಿದ ಬೂದು ಜೋಡಿ. ಏಕಾಂತಪ್ಪ ಕೊಡ ಹಿಡಿದು ನಿಂತಿದ್ದ. ಯಾವಾಗ ಬಂದ, ಎಷ್ಟು ಕೇಳಿದ ಎಂಬುದು ಯಾರಿಗೂ ತಿಳಿಯಲಿಲ್ಲ. ಗಾಡಿ ಬಂದರೆ ಕೇಳಿಸುತ್ತದೆ ಎಂದು ನಂಬಿ ಬಾಯಿಬಿಟ್ಟಿದ್ದರು.

ಜುಂಜಯ್ಯ ಎದ್ದು ಸುಮ್ಮನೆ ಬಾವಿಯ ಹಗ್ಗ ಸುತ್ತತೊಡಗಿದ.

"ಹಗ್ಗ ಇರ್ಲಿ ಬಿಡೋ ಜುಂಜಯ್ಯ, ನೀರು ನಾನೇ ಸೇದ್ಕಂತೀನಿ," ಎಂದ ಏಕಾಂತಪ್ಪ. ನಿಧಾನವಾಗಿ ನೀರು ಸೇದಿ ಎತ್ತುಗಳ ಮುಂದಿಟ್ಟು, ಒಂದರ ಬೆನ್ನು ಸವರುತ್ತ ಹೇಳಿದ: "ಮಾತು ಅರ್ಧಕ್ಕೆ ನಿಲ್ಲಿಸ್ಬ್ಯಾಡ್ರಿ. ಕಳ್ಳ ರಾಗಿ ಅಂದಾಗ್ಲೇ ನಾನು ಬಂದಿದ್ದೆ."

ಯಾರೂ ನಗಲಿಲ್ಲ. ಕಾಟಲಿಂಗಪ್ಪ ಮಾತ್ರ ನೆಟ್ಟಗೆ ಅವನ ಮುಖ ನೋಡಿದರು. "ಹಿಂದಿಂದ ಆಡಿದ್ದು ತಪ್ಪು. ಮುಂದೇನೇ ಕೇಳ್ತೀನಿ. ಯಾಕೆ ತೆಗೆದೆ ಬಳೆ?"

"ಅವ್ವ ಹೇಳೋದು ಕೇಳಿಸ್ತಿರ್ಲಿಲ್ಲ."

"ಏನು ಹೇಳ್ತಾಳೆ ನಿಮ್ಮವ್ವ?"

"ಪುರಾಣ."

ಮುರುಗಪ್ಪ ಬಾಯಿಗೆ ಕೈ ಅಡ್ಡ ಹಿಡಿದ. ಕಾಟಲಿಂಗಪ್ಪ ಎದ್ದು ನಿಂತರು. "ಪುರಾಣ ಮಠದಾಗೆ ಕೇಳೋದು. ಗಾಡ್ಯಾಗಲ್ಲ. ನಿಮ್ಮಪ್ಪನ ಬಳೆ ಹಾಕ್ಕಂಡ್ ಬಾ. ಮಂಗಳಾರದೊಳಗೆ ಅದರ ದನಿ ನನ್ನ ಕಿವಿಗೆ ಬಿದ್ರೆ ಅಯ್ಯನೋರು ನಿನ್ನ ಗಾಡೀಲೇ. ಇಲ್ದಿದ್ರೆ ಮುರುಗಪ್ಪಂದು."

ಏಕಾಂತಪ್ಪ ಮನೆಗೆ ಬಂದವನೇ ಅಟ್ಟ ಹತ್ತಿದ. ಬಳೆಗಳು ಗೋಣಿತಟ್ಟಿನಲ್ಲಿ ಸುತ್ತಿಟ್ಟಂತೆಯೇ ಇದ್ದವು. ತುಕ್ಕು ಹಿಡಿಯದಿರಲೆಂದು ತಾನೇ ಎಣ್ಣೆ ಸವರಿದ್ದ. ಅಂಗಳಕ್ಕೆ ತಂದು ಒಂದನ್ನು ಇನ್ನೊಂದಕ್ಕೆ ಮೆಲ್ಲಗೆ ತಾಗಿಸಿದ. ಆ ನಾದ ಅಡಿಗೆಮನೆಯವರೆಗೂ ಹೋಯಿತು.

"ಯಾಕಪ್ಪ ಏಕಾಂತ, ಬಳೆ ತೆಗ್ದೀಯ?" ಎನ್ನುತ್ತ ಗೋಡೆ ಹಿಡಿದು ಹೊರಗೆ ಬಂದಳು ದಾಕ್ಷಾಯಣಮ್ಮ. ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ಮಾತ್ರ ಕಾಣುತ್ತಿತ್ತು.

ಅವನು ಬಾವಿಕಟ್ಟೆಯ ಮಾತನ್ನೆಲ್ಲ ಹೇಳಿದ. ಅಯ್ಯನವರ ವಿಷಯ ಬಂದಾಗ ಕೈಯಲ್ಲಿದ್ದ ಬಳೆಯನ್ನು ಪಂಚೆಯ ತುದಿಯಿಂದ ಒರೆಸತೊಡಗಿದ. ಅಪ್ಪ ಗಾಡಿಯ ಮುಂದಿನ ಮೂಕಿಯ ಮೇಲೆ ಕೂತು, ಹಿಂದೆ ಅಯ್ಯನವರು ಕಂಬಳಿಯ ಮೇಲೆ ಕೂತು ಊರೊಳಗೆ ಬರುತ್ತಿದ್ದುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಆ ಗಾಡಿ ತನ್ನ ಕೈಗೆ ಬಂದ ಮೇಲೆ ಅದು ತನ್ನಿಂದಲೇ ತಪ್ಪಿಹೋಗುವುದು ಅವನಿಗೆ ಬೇಡವಾಗಿತ್ತು.

"ಹಾಕಿಬಿಡಪ್ಪ ಹಂಗಾರೆ," ಎಂದಳು ಅವ್ವ. "ಪುರಾಣ ಮನ್ಯಾಗೆ ಹೇಳ್ತೀನಿ. ಏನಂತೆ."

ಏನಂತೆ ಎಂದು ಅವಳು ಹಗುರವಾಗಿ ಅಂದರೂ ಇಬ್ಬರಿಗೂ ಗೊತ್ತಿತ್ತು. ಶ್ರಾವಣ ಸೋಮವಾರಗಳಲ್ಲಿ ಮಠದಲ್ಲಿ ಓದುವ ಪುರಾಣ ಕೇಳಲು ಅವನು ಅವಳನ್ನು ದುರ್ಗಕ್ಕೆ ಕರೆದೊಯ್ಯುತ್ತಿದ್ದ. ಎತ್ತು ಬಿಟ್ಟು ಒಳಗೆ ಹೋಗುವಂತಿಲ್ಲ. ಹೊರಗೇ ಕೂರುತ್ತಿದ್ದ. ಅವಳು ಕೇಳಿದ್ದನ್ನೆಲ್ಲ, ಪದ್ಯಕ್ಕೆ ಪದ್ಯ, ವಾಪಸು ಬರುವ ಹಾದಿಯಲ್ಲಿ ಹೇಳುತ್ತಿದ್ದಳು. ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ಅರ್ಧ ಹಾರಿಹೋಗುತ್ತಿತ್ತು. ನೆಲದ ಹದ ಆರುವ ಮುಂಚೆ ಬಿತ್ತಿದ ಹಾಗೆ, ಅದು ಹಾದಿಯಲ್ಲೇ ಆಗಬೇಕು.

ಅವನು ಒಂದು ಗಾಲಿ ಕಳಚಿ, ತೊಗಲಿನ ಬಿಲ್ಲೆ ತೆಗೆದು ಅಪ್ಪನ ಬಳೆ ಕೂರಿಸಿದ. "ಬಾ ಅವ್ವ, ಹತ್ತು. ಕಣದ ತನಕ ಹೋಗಿ ಬರಾಣ."

ಗಾಡಿ ಹೊರಟಿತು. ಬಳೆ ಒಮ್ಮೆ ಬಡಿಯಿತು, ಇನ್ನೊಮ್ಮೆ ಬಡಿಯಿತು, ಆಮೇಲೆ ಎತ್ತಿನ ಹೆಜ್ಜೆಗೆ ಕೂಡಿಕೊಂಡು ಸಾಗಿತು. ಏಕಾಂತಪ್ಪನ ಎದೆ ಉಬ್ಬಿತು. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಜಗಲಿಯ ಮೇಲಿದ್ದವರು ತಲೆ ಎತ್ತಿ ನೋಡಿದರು. ಇಂಥ ದನಿ ದುರ್ಗದ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ಅವನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

ಕಣ ಮುಟ್ಟುವ ಹೊತ್ತಿಗೆ ಅವನು ಹಿಂದೆ ತಿರುಗಿದ. ಅವ್ವನ ತುಟಿ ಆಡುತ್ತಿತ್ತು. ಸೋಮವಾರದ ಕಥೆಯಲ್ಲಿ ಉಳಿದದ್ದನ್ನು ಹೇಳುತ್ತಿದ್ದಳು. ಅವನಿಗೆ ಕೇಳಿಸಲಿಲ್ಲ. ಪದ್ಯ ಮುಗಿದಿರಬೇಕು, ಅವಳು ತಡೆದಳು. ಅವನು "ಹೂಂ" ಎಂದ. ಅವಳಿಗೆ ಅದು ಕೇಳಿಸಲಿಲ್ಲ. ಕುತ್ತಿಗೆ ಚಾಚಿ, ಕಿವಿಕೊಟ್ಟು, ಸ್ವಲ್ಪ ಹೊತ್ತು ಕಾದಳು. "ಹೂಂ, ಅವ್ವ," ಎಂದು ಅವನು ಕೂಗಿದ. ಅಷ್ಟರಲ್ಲಿ ಅವಳು ಸೆರಗು ಹೊದ್ದು ಬಾಯಿ ಮುಚ್ಚಿಕೊಂಡಿದ್ದಳು. ಮಗ ಬೇರೆ ಧ್ಯಾನದಲ್ಲಿದ್ದಾನೆ ಎಂದುಕೊಂಡಂತೆ ಅವಳ ಮುಖದಲ್ಲಿ ಒಂದು ಸಣ್ಣ ನಗೆ ಇತ್ತು.

ಏಕಾಂತಪ್ಪ ಕಣದಲ್ಲೇ ಗಾಡಿ ನಿಲ್ಲಿಸಿ ಇಳಿದ. ಗಾಲಿಯ ಮುಂದೆ ಕೂತು, ಅದನ್ನು ಅಚ್ಚಿನಲ್ಲಿ ಹಿಡಿದಿಡುವ ಕಡಾಣಿ ಎಳೆದ.

"ಏನಾತಪ್ಪ, ಮುರೀತಾ?"

"ಇಲ್ಲವ್ವ. ಸರಿ ಮಾಡ್ತೀನಿ."

ಮಂಗಳವಾರ ಸಂಜೆ ಅವನು ಕಾಟಲಿಂಗಪ್ಪನವರ ಮನೆಗೆ ನಡೆದುಕೊಂಡೇ ಹೋದ. ಅವರು ಒಳಗೆ ಕೂತಿದ್ದರು.

"ಏನಪ್ಪ, ಕಾಲ್ನಡಿಗೇಲಿ ಬಂದೀಯ. ದನಿ ಕೇಳ್ಸೋದು ಬ್ಯಾಡ ಅಂತ್ಲಾ?"

"ಮುರುಗಪ್ಪನ ಗಾಡೀಲೇ ಬರ್ಲಿ ಬಿಡ್ರಿ ಅಯ್ಯನೋರು. ಅವನ ಬಲಗಾಲಿ ನಾನೇ ನೋಡಿಕೊಟ್ಟು ಬಂದೀನಿ, ಇನ್ನ ವಾಲಲ್ಲ. ನನ್ನ ಗಾಡಿ ಈಗ ಹೆಂಗೈತೋ ಹಂಗೇ ಇರ್ತೈತೆ."

"ನಿಮ್ಮಪ್ಪನ ಮನೆತನಕ್ಕೆ ಬಂದ ಮರ್ಯಾದೆ ಅದು."

"ಹೌದ್ರಿ. ಅಪ್ಪ ಇದ್ದಿದ್ರೂ ಇದನ್ನೇ ಮಾಡ್ತಿದ್ದ ಅಂತ ನಾನು ಹೇಳಲ್ಲ. ಬೈತಿದ್ದ. ಗಾಡಿ ಈಗ ನಾನು ಹೊಡೀತಿರೋದು."

ಕಾಟಲಿಂಗಪ್ಪ ಕುಂತ್ಕ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಕೊನೆಯ ಸೋಮವಾರ ಮಠದ ಪುರಾಣ ಮುಗಿದ ಮೇಲೆ ಅಯ್ಯನವರು ಹೊರಟರು. ಮುಂದೆ ಮುರುಗಪ್ಪನ ಗಾಡಿ. ಹೊಸ ಎತ್ತುಗಳು ಹೆಜ್ಜೆ ಕೂಡಿಸಿಕೊಂಡಿದ್ದವು. ಬಲಗಾಲಿ ನಿಜಕ್ಕೂ ವಾಲುತ್ತಿರಲಿಲ್ಲ. ಹಿಂದೆ ಉಳಿದ ಗಾಡಿಗಳು, ಒಂದೊಂದೂ ತನ್ನ ತನ್ನ ದನಿಯಲ್ಲಿ. ಕೊನೆಗೆ ಕಾಟಲಿಂಗಪ್ಪನವರದು. ಅದರ ಹಿಂದೆ, ಧೂಳು ಕೂರಲಿ ಎಂದು ಅಂತರ ಬಿಟ್ಟುಕೊಂಡು, ಏಕಾಂತಪ್ಪ. ದನಿಯಿಲ್ಲದ ಗಾಡಿ ಹಿಂದೆ ಬರಬೇಕೆಂದು ಯಾರೂ ಹೇಳಿರಲಿಲ್ಲ. ಅವನೇ ಹಿಂದೆ ನಿಂತಿದ್ದ.

ಅವ್ವ ಆಗಲೇ ಶುರು ಮಾಡಿದ್ದಳು. ಶಿವ ಮುದುಕನ ವೇಷದಲ್ಲಿ ಬಂದು, ಬಡವಿಯ ಬಾಗಿಲಲ್ಲಿ ನಿಂತು, ಇಲ್ಲದ್ದನ್ನೇ ಕೇಳುವ ಭಾಗ. ಪದ್ಯದ ಸಾಲು ಎತ್ತಿನ ಗೊರಸಿನ ಮೇಲೆ ಕಾಲಿಟ್ಟುಕೊಂಡು ಬರುತ್ತಿತ್ತು. ಸಾಲು ಮುಗಿದು ಅವಳು ಉಸಿರು ತೆಗೆದುಕೊಂಡಾಗ ಅವನು "ಹೂಂ" ಎನ್ನುತ್ತಿದ್ದ. ಅವಳು ಮುಂದುವರಿಸುತ್ತಿದ್ದಳು.

ಏರು ಬಂತು. ಎತ್ತಿಗೆ ಭಾರವಾಗದಿರಲೆಂದು ಎಲ್ಲರೂ ಗಾಡಿಗಳಿಂದ ಇಳಿದು ನಡೆದರು. ಅವ್ವನೊಬ್ಬಳೇ ಕೂತಿದ್ದಳು. ಏರು ಮುಗಿದ ಮೇಲೆ ಒಬ್ಬೊಬ್ಬರಾಗಿ ಮತ್ತೆ ಹತ್ತಿದರು. ಏಕಾಂತಪ್ಪನೂ ಮೂಕಿಯ ಮೇಲೆ ಕೂತ. ಎದುರಿಗಿದ್ದ ಕಾಟಲಿಂಗಪ್ಪನವರ ಗಾಡಿಯಲ್ಲಿ ಅವರ ಆಳು ಮಾತ್ರ ಕಂಡ. ಅವರು ಕೂರುವ ಜಾಗ ಬರಿದಾಗಿತ್ತು.

ಏಕಾಂತಪ್ಪ ಓರೆಗಣ್ಣಿನಲ್ಲಿ ಹಿಂದೆ ನೋಡಿದ. ಗಾಡಿಯ ಹಿಂಬದಿಯ ಹಲಗೆಯ ಮೇಲೆ ಒಂದು ಮುದಿ ಕೈ ಇತ್ತು. ಅವನು ತಿರುಗಲಿಲ್ಲ. ಹಗ್ಗ ಕೊಂಚ ಬಿಗಿಹಿಡಿದ. ಎತ್ತುಗಳು ನಿಧಾನವಾದವು. ಮುಂದಿನ ಗಾಡಿಗಳ ಸದ್ದು ದಿಬ್ಬದಾಚೆ ಇಳಿದು ಸಣ್ಣದಾಗುತ್ತಾ ಹೋಯಿತು.

ಬಡವಿ ಒಳಗೆ ಹೋಗಿ ಬರಿ ಮಡಕೆ ಹಿಡಿದು ಬಂದಳು ಎಂಬಲ್ಲಿಗೆ ಪದ್ಯ ಮುಗಿಯಿತು. ಅವ್ವ ಉಸಿರು ತೆಗೆದುಕೊಂಡಳು.

ಏಕಾಂತಪ್ಪ ಬಾಯಿ ತೆರೆಯುವ ಮುಂಚೆಯೇ ಹಿಂದಿನಿಂದ, ಧೂಳು ಹತ್ತಿದ ಗಂಟಲಲ್ಲಿ, ಯಾರೋ "ಹೂಂ" ಎಂದರು.