ಮನೆಗಾಡಿಯ ತಿಗಣೆಗಳು

ನನ್ನಾಕೆ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾನು ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿದ್ದ ನಮ್ಮ ಮನೆಗಾಡಿಯೊಳಗೆ ತಿಗಣೆ ಹುಡುಕುತ್ತಿದ್ದೆ. ನಿವೃತ್ತಿಯಾದ ಮೇಲೆ ಊರೂರು ಸುತ್ತಲೆಂದು ಇಬ್ಬರೂ ಸೇರಿ ಕೊಂಡ ಗಾಡಿ ಅದು. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಯಾವುದೋ ತಂಗುದಾಣದಿಂದ ತಿಗಣೆ ಹತ್ತಿಕೊಂಡು ಬಂದಿದ್ದವು. ಅವಳು ಮರಳುವಷ್ಟರಲ್ಲಿ ಹಾಸಿಗೆ ಚೊಕ್ಕಟವಾಗಿರಲೆಂದು ಒಂದೊಂದೇ ಹೊಲಿಗೆ ಬಿಡಿಸಿ ನೋಡುತ್ತಿದ್ದೆ. ದಾದಿ ಬಾಗಿಲಿಗೆ ಬಂದು, "ತಾತ, ಸ್ವಲ್ಪ ಬರ್ತೀರಾ?" ಎಂದಳು. ಅವಳ ಮುಖ ನೋಡಿದೊಡನೆ ತಿಳಿಯಿತು. ಬೆರಳಿನಲ್ಲಿ ಹಿಡಿದಿದ್ದ ತಿಗಣೆ ಎತ್ತ ಹೋಯಿತೋ ಕಾಣೆ.

ಮಗಳು ನನ್ನನ್ನೂ ಗಾಡಿಯನ್ನೂ ತನ್ನ ಮನೆಗೆ ತಂದಳು. ಚಳಿಗಾಲವೆಲ್ಲ ಗಾಡಿ ಬೀಗ ಹಾಕಿಕೊಂಡು ಹಿತ್ತಲಲ್ಲಿ ನಿಂತಿತ್ತು. ಆಮೇಲೆ ಅವಳು ಹುಳ ಕೊಲ್ಲುವವನನ್ನು ಕರೆಸಿದಳು. ಗಾಡಿಯನ್ನು ಭದ್ರವಾಗಿ ಮುಚ್ಚಿ ಒಳಗೆ ಬಿಸಿಗಾಳಿ ತುಂಬಿದರೆ ಮೊಟ್ಟೆ ಸಮೇತ ಸಾಯುತ್ತವಂತೆ.

"ಇಷ್ಟು ದಿನ ಉಪವಾಸ ಬಿದ್ದು ತಾವೇ ಸತ್ತಿರಲ್ವೇನಪ್ಪ?" ಎಂದೆ, ಅವನ ಹಿಂದೆಯೇ ಗಾಡಿ ಹತ್ತುತ್ತ.

ಅವನು ಹಾಸಿಗೆಯ ಮೂಲೆ ಎತ್ತಿ ಟಾರ್ಚ್ ಬಿಟ್ಟ. "ಇವಾ? ನಮ್ಮನ್ನ ಕಳಿಸಿಯೇ ಹೋಗೋ ಪೈಕಿ, ಯಜಮಾನ್ರೆ! ಒಂದ್ಸಲ ಹೊಟ್ಟೆ ತುಂಬ ರಕ್ತ ಕುಡಿದ್ರೆ ಚಳಿಯಲ್ಲಿ ತಿಂಗಳುಗಟ್ಟಲೆ ಅದ್ರಲ್ಲೇ ಕಾಲ ಹಾಕ್ತವೆ. ಕೊನೆಗೆ ಇಲ್ಲಿ ಮಲಗಿದ್ದೋರು ಯಾರು?"

ಕೊನೆಗೆ ಮಲಗಿದ್ದವಳು ನನ್ನಾಕೆಯೇ. ಕಾಯಿಲೆ ಹೆಚ್ಚಿದ ಮೇಲೆ ನಾನು ಮುಂದಿನ ಸೀಟಿನಲ್ಲಿ ಮುದುರಿಕೊಳ್ಳುತ್ತಿದ್ದೆ. ಅವನು ಯಂತ್ರ ತರಲು ಇಳಿದ. ನಾನು ಒಳಗಿನಿಂದ ಚಿಲಕ ಹಾಕಿಕೊಂಡೆ.

ಅವಳ ದೇಹವನ್ನು ಬೆಂಕಿಗೆ ಒಪ್ಪಿಸಿ ಬಂದಿದ್ದೆವು. ಈ ಲೋಕದಲ್ಲಿ ಅವಳ ರಕ್ತದ ಹನಿಯೇನಾದರೂ ಉಳಿದಿದ್ದರೆ ಅದು ಆ ಹೊಲಿಗೆಯ ಸಂದಿಯಲ್ಲಿ ಇನ್ನೂ ಹರಿದಾಡುತ್ತಿತ್ತು. ಅದನ್ನೂ ಸುಡಿಸಲು ಹೇಗೆ ಒಪ್ಪಲಿ?

"ಅಪ್ಪಾ, ಬಾಗಿಲು ತೆಗಿ. ಆತ ಕಾಯ್ತಿದ್ದಾನೆ."

"ಇರಲಿ ಬಿಡಮ್ಮ, ಪಾಪದ ಹುಳ."

"ಪಾಪದ ಹುಳಾನಾ! ರಕ್ತಬೀಜಾಸುರನ ಸಂತಾನ ಅಂತ ಬೈತಿದ್ದೋನು ನೀನೇ ತಾನೆ?"

ನನಗೆ ಮುಚ್ಚಿಡಲಾಗಲಿಲ್ಲ. "ಅವುಗಳ ಹೊಟ್ಟೆಯಲ್ಲಿರೋದು ನಿಮ್ಮಮ್ಮನ ರಕ್ತ" ಎಂದೆ.

ಮಗಳು ಬಾಗಿಲಿಗೆ ಒರಗಿದ ಸದ್ದಾಯಿತು. ಆಮೇಲೆ ಅವಳ ದನಿ ತೀರ ಹತ್ತಿರದಿಂದ ಕೇಳಿಸಿತು.

"ಆಸ್ಪತ್ರೆಯಲ್ಲಿ ಅಮ್ಮನ ಮೈ ಒರೆಸಿದ್ದು ನಾನು. ಬೆನ್ನೆಲ್ಲ ದದ್ದು. ಕೆರ್ಕೊಳ್ಳೋಕೆ ಕೈ ಎತ್ತೋ ಶಕ್ತೀನೂ ಇರ್ಲಿಲ್ಲ. 'ನಿಮ್ಮಪ್ಪಂಗೆ ಹೇಳ್ಬೇಡ, ಗಾಡಿ ಮಾರಿ ಕೂತ್ಬಿಡ್ತಾರೆ. ವಾಸಿಯಾದ್ಮೇಲೆ ಇನ್ನೊಂದ್ಸಲ ಸುತ್ತಾಡ್ಬೇಕು' ಅಂದ್ಲು. ಅಮ್ಮ ಕೈಯಾರೆ ಕೊಟ್ಟ ರಕ್ತಾನೇನಪ್ಪ ಅದು? ಅವು ಕಿತ್ಕೊಂಡಿದ್ದು."

ನಾನು ಹಾಸಿಗೆಯಲ್ಲಿ ನನ್ನಾಕೆ ಮಲಗುತ್ತಿದ್ದ ಜಾಗದ ಮೇಲೆ ಕೈಯಿಟ್ಟು ಕುಳಿತಿದ್ದೆ. ಮೈ ಬಿಸಿ ತಗುಲಿತೋ ಏನೋ, ಒಂದು ತಿಗಣೆ ಹೊರಬಂದು ಮಣಿಕಟ್ಟಿನತ್ತ ನಡೆಯಿತು. ಕೈ ಹಿಂದಕ್ಕೆಳೆಯಲಿಲ್ಲ. ಕುಡಿಯುವಷ್ಟು ಕುಡಿದು ಹೋಯಿತು. ಸ್ವಲ್ಪ ಹೊತ್ತಿಗೆ ನವೆ ಎದ್ದಿತು. ಕೆರೆಯದೆ ತಡೆಯಲು ನೋಡಿದೆ, ನನ್ನಿಂದಾಗಲಿಲ್ಲ. ಇದನ್ನು ಮೈಯೆಲ್ಲ ಹೊತ್ತು ಅವಳು ಬೆಳಿಗ್ಗೆ ಎದ್ದೊಡನೆ, "ಚೆನ್ನಾಗಿ ನಿದ್ದೆ ಬಂತು ರೀ" ಎನ್ನುತ್ತಿದ್ದಳು.

ಚಿಲಕ ತೆಗೆದೆ. ಮಗಳು ನನ್ನ ಮಣಿಕಟ್ಟನ್ನು ನೋಡಿದಳು. ಅದರ ಮೇಲೆ ತನ್ನ ತಣ್ಣನೆಯ ಅಂಗೈ ಇಟ್ಟಳು.

"ನಡೆಸಪ್ಪ ನಿನ್ನ ಕೆಲಸ" ಎಂದೆ.

ಅವನು ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿ ಯಂತ್ರ ಚಾಲೂ ಮಾಡಿದ. ಗಾಡಿ ಮೆಲ್ಲನೆ ನಡುಗತೊಡಗಿತು. ನಾನೂ ಮಗಳೂ ಹಿತ್ತಲ ಮೆಟ್ಟಿಲ ಮೇಲೆ ಕುಳಿತೆವು. ನಾನು ಕೈಮುಗಿದೆ.

ಭಗವಂತಾ, ಅವಳು ನರಳಿದ್ದು ನನಗೆ ಕೇಳಿಸದಂತೆ ನರಳಿದಳು. ನಿನ್ನ ಬಳಿ ಏನನ್ನೂ ಮುಚ್ಚಿಡಬೇಕಾಗಿಲ್ಲವೆಂದು ಅವಳಿಗೆ ಹೇಳು. ಯಾವ ಕಾಟವೂ ಇಲ್ಲದ ಹಾಸಿಗೆಯಲ್ಲಿ ಮಲಗಿಸು. ಬೆನ್ನು ನವೆಯಾದರೆ ನೀನೇ ಸವರು, ತಂದೆ. ಅವಳ ಆತ್ಮಕ್ಕೆ ಶಾಂತಿ ಕೊಡು.