ಸುಣ್ಣ ಹಾಕದ ಮನೆ

ನನ್ನ ಮಗ ಶ್ರೀಶೈಲ ಲಿಂಗೈಕ್ಯನಾದ ಮೇಲೆ ಬಂದ ಮೊದಲ ಶ್ರಾವಣ ಅದು. ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿಓಣಿಗೂ ಸಾರಿದರು: ಸರಕಾರ ಊರೊಳಗಿನ ಮನೆಗಳಿಗೆ ಆಸ್ತಿ ಕಾರ್ಡು ಕೊಡುತ್ತದೆ, ಡ್ರೋನ್ ಮೇಲಿನಿಂದ ಫೋಟೋ ತೆಗೆಯುತ್ತದೆ, ಎಲ್ಲರೂ ತಮ್ಮ ತಮ್ಮ ಸರಹದ್ದಿಗೆ ಸುಣ್ಣದ ಗೆರೆ ಹಾಕಿರಬೇಕು.

ಊರೆಲ್ಲ ಹಾಕಿತು. ನಾವು ಹಾಕಲಿಲ್ಲ. ಸಾವಾದ ಮನೆಗೆ ವರ್ಷ ತುಂಬುವವರೆಗೆ ನಮ್ಮಲ್ಲಿ ಸುಣ್ಣ ಮುಟ್ಟಿಸುವುದಿಲ್ಲ. ಸೊಸೆ ಭುವನೇಶ್ವರಿ ಕೇಳಿದಾಗ ನಾನೇ ಬೇಡವೆಂದೆ. ಅಜ್ಜನ ಕಾಲದ ಮನೆ, ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಕ್ಕದ ಅಮಸಿದ್ದನಿಗೂ ನಮಗೂ ನಡುವೆ ಒಂದೇ ಗೋಡೆ. ತಲೆಯ ಮೇಲಿನ ಮಾಳಿಗೆಯೂ ಕೂಡಿಕೊಂಡೇ ಇದೆ. ಅವನು ತನ್ನ ಮೂರು ದಿಕ್ಕಿಗೆ ಗೆರೆ ಹಾಕಿ, ನಡುಗೋಡೆಯ ಗೆರೆಯನ್ನು ನಮಗೆ ಬಿಟ್ಟಿದ್ದ.

ಕೆಲವು ತಿಂಗಳ ಮೇಲೆ ನಕಾಶೆಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಿದರು. ನೋಡಿ ಬಂದ ಭುವನೇಶ್ವರಿ ಮನೆಯ ಹೊಸ್ತಿಲ ಹೊರಗೇ ನಿಂತು ಕರೆದಳು.

"ಮಾವಾ, ನಕಾಶಿಯೊಳಗ ನಮ್ಮ ಮನಿನ ಇಲ್ರಿ."

ಅವಳ ಜೊತೆ ಹೋಗಿ ನೋಡಿದೆ. ಕೂಡಿದ ಮಾಳಿಗೆ ಮೇಲಿನಿಂದ ಒಂದೇ ಮನೆಯಾಗಿ ಕಂಡು, ಅಮಸಿದ್ದನ ಗೆರೆ ನಮ್ಮ ಮನೆಯನ್ನೂ ಒಳಗೆ ಹಾಕಿಕೊಂಡು ಆಚೆಯ ಓಣಿಯವರೆಗೆ ಹೋಗಿತ್ತು. ಸರ್ವೇ ಕಚೇರಿಯ ಸುಭಾಸ ಮೇಜಿನ ಹಿಂದೆ ಕೂತಿದ್ದ.

"ತಕರಾರು ಇವತ್ತ ಕಡೀ ದಿನ ಐತ್ರಿ ಅಜ್ಜಾ. ಕಾಗದ ಐತೇನು?"

"ಇಲ್ಲಪಾ. ಅದರಾಗ ಹುಟ್ಟೇನಿ, ಅಷ್ಟ."

"ಹಂಗಾರ ಬಾಜೂದವರು ಬಂದು ಹೇಳಬೇಕು."

ಅಮಸಿದ್ದ ತಾಳಿಕೋಟೆ ಸಂತೆಗೆ ಹೋಗಿದ್ದ. ಪಂಚಾಯಿತಿಯ ಕಟ್ಟೆಯ ಮೇಲೆ ಕೂತು ಕಾದೆವು. ಬಾಯಲ್ಲಿ ಪಂಚಾಕ್ಷರಿಯ ಜಪ ನಡೆದೇ ಇತ್ತು. ಅರ್ಧಕ್ಕೆ ಎಣಿಕೆ ಮರೆತು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆ. ಭುವನೇಶ್ವರಿಗೆ ಲಚ್ಯಾಣದ ತವರಿನಲ್ಲಿ ತಾಯಿಯಿಲ್ಲ, ತಂದೆಯಿಲ್ಲ. ನಾನು ಕಣ್ಣು ಮುಚ್ಚಿದ ದಿನ ಅವಳನ್ನು ಯಾರಾದರೂ ಆ ಬಾಗಿಲಿನಿಂದ ಎಬ್ಬಿಸಿದರೆ ಏನೆಂದು ಹೇಳಿಯಾಳು? ಬಸ್ಸಿನ ಸಪ್ಪಳ ಕೇಳಿದಾಗಲೆಲ್ಲ ಎದ್ದು ರಸ್ತೆ ನೋಡಿದೆ. ಅವನು ಬರದಿದ್ದರೆ ಎಂಬುದು ಒಂದು ಭಯ. ಬಂದು ಸುಮ್ಮನಿದ್ದುಬಿಟ್ಟರೆ ಎಂಬುದು ಅದಕ್ಕಿಂತ ದೊಡ್ಡದು.

ಬಿಸಿಲು ಇಳಿಯುವಾಗ ಬಂದ. ಹೆಗಲ ಚೀಲ ಇಳಿಸದೆ ನಕಾಶೆ ನೋಡಿದ.

"ಅಬಬಾ! ನಾ ಯಾವಾಗ ಇಷ್ಟ ದೊಡ್ಡ ಗೌಡ ಆದ್ನೋ!"

ನಿಂತವರು ನಕ್ಕರು. ಸುಭಾಸ ನಗಲಿಲ್ಲ. "ಈ ಜಾಗಾ ಪೂರಾ ನಿಮ್ದೇನು? ಹೌದಂದ್ರ ಸಹಿ ಮಾಡ್ರಿ."

ಅಮಸಿದ್ದ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ನಗು ಹೋಗಿತ್ತು.

"ಈ ಮುದುಕನ ಮಗ ನನ್ನ ಗ್ವಾಡಿಗೆ ಬಚ್ಚಲ ನೀರ ಬಿಟ್ಟಿದ್ದ, ಸಾಹೇಬ್ರ. ಎರಡ ವರ್ಷ ಮಾತು ಬಿಟ್ಟಿದ್ವಿ. ಇನ್ನೂ ಹರಿಯಾಕತ್ತೇತಿ ಆ ನೀರು."

ಭುವನೇಶ್ವರಿ ನನ್ನ ರಟ್ಟೆ ಹಿಡಿದಳು.

"ಅವ್ರ ಬಚ್ಚಲ, ಅವ್ರ ನೀರು. ಮನಿ ಅಷ್ಟ ನಂದ್ಹೆಂಗ ಆಗ್ತೇತಿ? ಗ್ವಾಡಿ ಆಚಿಕಡಿ ಅವ್ರದು. ಬರ್ಕೋರಿ" ಎಂದ ಅಮಸಿದ್ದ.

ಸುಭಾಸ ಎದ್ದ. "ಬೆಳಕ ಇದ್ದಾಗ ಅಳೀಬೇಕು. ಸುಣ್ಣ ಹಾಕ್ರಿ, ನಡೀರಿ."

ಅಮಸಿದ್ದ ತನ್ನ ಮನೆಯಿಂದ ಸುಣ್ಣದ ಬುಟ್ಟಿ ತಂದುಕೊಟ್ಟ. ವರ್ಷ ಇನ್ನೂ ತುಂಬಿರಲಿಲ್ಲ. ಸುಣ್ಣ ಹಿಡಿದು ಬಾಗಿಲ ಮುಂದೆ ಬಗ್ಗಿದೆ, ಮುಷ್ಟಿ ಬಿಚ್ಚಲಾಗಲಿಲ್ಲ. ಭುವನೇಶ್ವರಿ ಬುಟ್ಟಿ ತೆಗೆದುಕೊಂಡು, ಸೆರಗು ಸಿಕ್ಕಿಸಿ, ಮೂಲೆಯಿಂದ ಮೂಲೆಗೆ ಗೆರೆ ಎಳೆಯುತ್ತ ಹೋದಳು. ಸುಭಾಸ ಹಿಂದೆಯೇ ಅಳೆದುಕೊಂಡು ಬಂದ.

"ಯಾರ ಹೆಸರಿಗೆ ಮಾಡೂನ್ರಿ?"

"ಅಕಿ ಹೆಸರಿಗೆ. ಭುವನೇಶ್ವರಿ, ಗಂಡ ಶ್ರೀಶೈಲ."

ಅವನ ಪೆನ್ನು ತಡೆಯಿತು. ದನಿ ತಗ್ಗಿಸಿ ಕೇಳಿದ: "ಗಂಡ ದಿವಂಗತ ಅಂತ ಬರೀಲೇನ್ರಿ?"

ಸೊಸೆ ಸುಣ್ಣದ ಕೈಯಲ್ಲೇ ನನ್ನ ಬಾಯಿ ನೋಡುತ್ತಿದ್ದಳು. ದಿವಂಗತ ಎಂಬ ಮಾತನ್ನು ಅಲ್ಲಿಯವರೆಗೆ ನನ್ನೆದುರಿಗೆ ಯಾರೂ ಅಂದಿರಲಿಲ್ಲ.

"ಬರೀರಿ" ಎಂದೆ.