ಕಾಡುಗೇರು ಮತ್ತು ಸುಬೇದಾರರ ಪಡೆ

ಸುಂಟಿಕೊಪ್ಪದ ಆಚೆ ಕಾಫಿ ಎಸ್ಟೇಟ್ ಹೊಂದಿದ್ದ ಮೊಣ್ಣಪ್ಪನವರಿಗೆ ಎರಡು ಹೆಮ್ಮೆ. ಪಟ್ಟಾಳದಲ್ಲಿ ಸುಬೇದಾರರಾಗಿದ್ದದ್ದು ಒಂದು, ಮೂಢನಂಬಿಕೆ ಇಲ್ಲದಿರುವುದು ಇನ್ನೊಂದು. ಅಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನಾನು ಇವೆರಡನ್ನೂ ಎಷ್ಟು ಸಲ ಕೇಳಿದ್ದೆನೆಂದರೆ, ಅವರು ಬಾಯಿ ತೆರೆಯುವ ಮೊದಲೇ ತಲೆಯಾಡಿಸುವುದು ನನಗೆ ರೂಢಿಯಾಗಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಎಸ್ಟೇಟಿನ ದಾರಿ ಅಗಲ ಮಾಡುವಾಗ ಒಂದು ಕಾಡುಗೇರು ಮರ ಅಡ್ಡ ಬಂತು. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ. ಆಳುಗಳು ಅದನ್ನು ಮರದ ಕೋಪ ಎನ್ನುತ್ತಾರೆ; ತಾರೆಮರಕ್ಕೆ ಸುತ್ತು ಬಂದು ತಪ್ಪಾಯಿತು ಎಂದರೆ ಕೋಪ ಇಳಿಯುತ್ತದಂತೆ. ಮರ ಕಡಿಯಬೇಕಾಗಿದ್ದ ಕೆಂಚ ಕತ್ತಿ ಕೆಳಗಿಟ್ಟ.

"ಮೊದ್ಲು ತಾರೆಮರಕ್ಕೆ ಕೈ ಮುಗ್ದು ಬರ್ತೇವೆ, ಧಣಿ."

"ಮರಕ್ಕೆ ಎಂತ ಕೋಪ? ಇಲ್ಲಿ ನೋಡು," ಎಂದು ಮೊಣ್ಣಪ್ಪನವರು ತೊಗಟೆಗೆ ಏಟು ಹಾಕಿ, ಒಸರಿದ ಸೊನೆಯನ್ನು ಮುಂಗೈಗೆ ಬಳಿದುಕೊಂಡರು. ಏನೂ ಆಗಲಿಲ್ಲ. ವಾರ ಕಳೆದರೂ ಏನೂ ಆಗಲಿಲ್ಲ. ಆಮೇಲೆ ಆ ಮರವನ್ನು ಕಡಿಯಲು ಅವರೇ ಬಿಡಲಿಲ್ಲ. ಬಂದವರಿಗೆಲ್ಲ ತೋರಿಸಲು ಮರ ಬೇಕಲ್ಲ, ದಾರಿಯನ್ನೇ ಬಳಸಿ ಹಾಕಿಸಿದರು.

ತಿಂಗಳಾದ ಮೇಲೆ ಮೈಸೂರಿನ ಕಡೆಯಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಹೊಸ ರಾಜ್ಯಕ್ಕೆ ಕೊಡಗಿನ ಧೈರ್ಯ ತೋರಿಸಬೇಡವೇ? ಮೊಣ್ಣಪ್ಪನವರು ಈ ಸಲ ಕೈಗೂ ಕೆನ್ನೆಗೂ ಸೊನೆ ಬಳಿದುಕೊಂಡರು. ಅಧಿಕಾರಿ ದೂರದಲ್ಲೇ ನಿಂತು ಚಪ್ಪಾಳೆ ತಟ್ಟಿದರು.

ಮರುದಿನ ರಾತ್ರಿ ಅಡುಗೆಯ ಚೋಮಿ ಮಾಡಿದ ಎಳೆಬಿದಿರಿನ ಕಣಿಲೆ ಸಾರು ಉಂಡು ಮಲಗಿದ ಸುಬೇದಾರರು ಬೆಳಿಗ್ಗೆ ಎದ್ದಾಗ ಮುಖ ಹಲಸಿನಕಾಯಿ ಆಗಿತ್ತು. ಕಣ್ಣು ಎಲ್ಲಿದೆ ಎಂದು ಹುಡುಕಬೇಕಿತ್ತು. ಡಾಕ್ಟರ್ ಸಿದ್ದರಾಜು ಅವರೊಂದಿಗೆ ನಾನು ಔಷಧಿ ಪೆಟ್ಟಿಗೆ ಹಿಡಿದು ಬಂಗಲೆಗೆ ಹೋದೆ.

"ಮರದ್ದು ಅಲ್ಲ ಡಾಕ್ಟ್ರೇ. ಅದಾದ್ರೆ ಆವತ್ತೇ ಆಗ್ಬೇಕಿತ್ತು," ಎಂದರು ಮೊಣ್ಣಪ್ಪನವರು. "ಕಣಿಲೆಯ ವಿಷ ಹೋಗ್ಬೇಕಾದ್ರೆ ನೆನೆ ಹಾಕ್ಬೇಕು. ಆ ಚೋಮಿ ನೆನೆ ಹಾಕದೆ ಬೇಯಿಸಿ ನಂಗೆ ವಿಷ ಹಾಕಿದ್ದಾಳೆ. ಸಂಜೆಯೊಳಗೆ ಲೈನ್ ಖಾಲಿ ಮಾಡು ಅಂತ ಹೇಳಿ ಆಯ್ತು."

ಚೋಮಿ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ಕೂಲಿಯವರ ಲೈನಿನ ಆ ಒಂದು ಕೋಣೆ ಬಿಟ್ಟರೆ ಅವಳಿಗೆ ಜಗತ್ತಿನಲ್ಲಿ ಬೇರೆ ಬಾಗಿಲಿರಲಿಲ್ಲ.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಸುಬೇದಾರ್ರೇ, ಮೊದಲ್ನೇ ಸಲ ಸೊನೆ ತಾಗಿದಾಗ ನಿಮ್ಮ ಚರ್ಮದ ಕಾವಲಿನೋರು ಅದರ ಗುರುತು ಹಿಡ್ಕೊಂಡು ಕಂಕುಳ ಗ್ರಂಥಿಗೆ ಹೋದ್ರು. ಅಲ್ಲಿ ಲೆಕ್ಕವಿಲ್ಲದಷ್ಟು ಬಿಳಿ ಕಣ ಇರ್ತವೆ. ಒಂದೊಂದಕ್ಕೂ ಒಂದೊಂದು ಗುರುತು ಮಾತ್ರ ಹಿಡಿಯೋಕೆ ಬರೋದು. ಈ ಗುರುತಿಗೆ ಹೊಂದೋ ಕೆಲವು ಎದ್ದು, ಮರಿ ಹಾಕಿ, ಒಂದು ಪಡೆನೇ ಆಯ್ತು. ಅಷ್ಟೊತ್ತಿಗೆ ಸೊನೆ ಹೋಗಿತ್ತು. ಪಡೆ ಮರೀಲಿಲ್ಲ. ನೀವು ಮತ್ತೆ ಬಳ್ಕೊಂಡ್ರಿ. ಅವು ಬಂದು ಸೇರೋಕೆ ಒಂದೆರಡು ದಿನ ಬೇಕು. ಈಗ ಸೊನೆ ಅಂಟಿದ ನಿಮ್ಮ ಚರ್ಮಾನೇ ಶತ್ರು ಅಂತ ಹೊಡೀತಿವೆ."

"ಹಾಗಾದ್ರೆ ಸೊನೆ ಎಂತ ಮಾಡ್ತು?"

"ಸುಮ್ನೆ ಅಂಟ್ಕೊಂಡಿತ್ತು. ಊದಿಸಿದ್ದು ನಿಮ್ಮೋರೇ."

ಆ ಕಣಗಳಿಗೆ ಟಿ ಕಣ ಎಂಬ ಹೆಸರು ಬಿದ್ದದ್ದು ಆಮೇಲೆ. ಎದೆಮೂಳೆಯ ಹಿಂದಿನ ಥೈಮಸ್ ಎಂಬ ಗ್ರಂಥಿಯಲ್ಲಿ ಅವಕ್ಕೆ ತರಬೇತಿಯಂತೆ. ಸ್ವಂತ ಮೈಯ ಮೇಲೆ ಹಾಯುವ ಬುದ್ಧಿ ತೋರಿಸಿದವುಗಳಲ್ಲಿ ಹೆಚ್ಚಿನವನ್ನು ಆ ಗ್ರಂಥಿ ಅಲ್ಲೇ ಮುಗಿಸಿಬಿಡುತ್ತದಂತೆ. ಎಸ್ಟೇಟ್ ಧಣಿಗಳಿಗೆ ಅಂಥದ್ದೊಂದು ಶಾಲೆ ಇದ್ದಿದ್ದರೆ ನಮ್ಮ ತಾಲೂಕು ಅರ್ಧ ಉದ್ಧಾರವಾಗುತ್ತಿತ್ತು.

ಮೊಣ್ಣಪ್ಪನವರು ಯೋಚಿಸಿದರು. ಮುಖ ಊದಿದ್ದರೂ ಅದರಲ್ಲಿ ಸಂತೋಷ ಕಂಡಿತು.

"ಅಂದ್ರೆ ನನ್ನ ಪಡೆ ಅಷ್ಟು ಜೋರು ಉಂಟು."

"ಜೋರೇ. ಚೋಮಿದೇನೂ ತಪ್ಪಿಲ್ಲ. ಅವಳನ್ನ ಇರೋಕೆ ಹೇಳಿ."

"ತಪ್ಪಿಲ್ಲ, ಒಪ್ಪಿದೆ. ಆದರೆ ಡಾಕ್ಟ್ರೇ, ಅವಳನ್ನು ಕಂಡ್ರೆ ಇನ್ನು ನಂಗೆ ಆ ಸಾರೇ ನೆನಪಾಗ್ತದೆ. ಅವಳ ಕೈಯ ಅನ್ನ ಗಂಟಲಲ್ಲಿ ಇಳಿಯುದಿಲ್ಲ. ಎಂತ ಮಾಡುದು?"

ನನಗೆ ಸಿಟ್ಟು ನೆತ್ತಿಗೇರಿತು. ಮುಲಾಮಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ. ಕಾಂಪೌಂಡರ್ ಕುಕ್ಕಿದರೆ ಯಾವ ಧಣಿ ಬೆಚ್ಚುತ್ತಾನೆ? ನಾವು ಹೊರಗೆ ಬಂದಾಗ ಚೋಮಿ ಆಗಲೇ ಲೈನ್ ಬಿಟ್ಟು ಹೋಗಿದ್ದಳು.

ಮುಖದ ಊತ ಇಳಿಯಿತು. ಸುಬೇದಾರರಿಗೆ ಮೂರನೆಯ ಹೆಮ್ಮೆಯೊಂದು ಸಿಕ್ಕಿತು. ಯಾರಾದರೂ ಸಿಕ್ಕಿದರೆ ಸಾಕು, "ನನ್ನ ರಕ್ತದಲ್ಲಿರುವ ಪಡೆ ಒಮ್ಮೆ ಕಂಡ ಶತ್ರುವನ್ನು ಬಿಡುದಿಲ್ಲ," ಎಂದು ಶುರುಮಾಡುತ್ತಿದ್ದರು. ಮರದ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಕೇಳಿದರೆ, ಪಡೆಗೆ ವಿಶ್ರಾಂತಿ ಬೇಕು ಎನ್ನುತ್ತಿದ್ದರು.

ಸಂತೆಯ ದಿನ ಸುಂಟಿಕೊಪ್ಪದ ಬಸ್ ನಿಲ್ದಾಣದಲ್ಲಿ ಚೋಮಿ ಸಿಕ್ಕಿದಳು. ಪಾಲಿಬೆಟ್ಟದ ಕಡೆ ದಿನಗೂಲಿಗೆ ಕಾಫಿ ತೋಟದ ಕೆಲಸ ಮಾಡುತ್ತ, ಯಾರದೋ ಜಗಲಿಯಲ್ಲಿ ಮಲಗುತ್ತಿದ್ದಳು. ಸೊರಗಿಹೋಗಿದ್ದಳು.

"ಧಣಿಗೆ ವಾಸಿ ಆಯ್ತಾ, ಅಯ್ಯಾ?"

"ಆಯ್ತು."

"ನಾ ಏನೂ ಹಾಕ್ಲಿಲ್ಲ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು, ಚೋಮಿ. ಡಾಕ್ಟ್ರೇ ಹೇಳಿದ್ರು."

ಅವಳ ಮುಖ ಅರಳಿತು. "ನಂಗೊತ್ತಿತ್ತು," ಎನ್ನುತ್ತ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೊಣ್ಣಪ್ಪನವರ ಎಸ್ಟೇಟಿನ ಕಡೆ ಹೊರಟು ನಿಂತಿದ್ದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು.

ಇಳಿ ಎಂದು ನಾನೇ ಹೇಳಬೇಕಾಯಿತು.